ಬಾಣಂತಿ ಕೌದಿಯ ಹಸಿರು ತುಂಡು

೧೯೫೬ನೆಯ ಜನವರಿ ೨೭, ಬೆಳಿಗ್ಗೆ ಏಳು ಗಂಟೆ. ಮೈಂದರ್ಗಿಯ ಭಾಗಾಬಾಯಿ ಸೊಲ್ಲಾಪುರದ ಠಾಣೆಗೆ ಬಂದು ಕೌದಿ ಕಳುವಾಗಿದೆಯೆಂದು ದೂರು ಕೊಟ್ಟಳು. ಸೊಲ್ಲಾಪುರದಲ್ಲಿದ್ದ ಮಗಳ ಬಾಣಂತನಕ್ಕೆಂದು ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದು ತಂದ ಕೌದಿ. ಹಿಂದಿನ ಸಂಜೆ ಮೈಂದರ್ಗಿಯಿಂದ ಬಂದಿಳಿದವರು ಗಂಟುಮೂಟೆ ಸಮೇತ ಗಣರಾಜ್ಯ ದಿನದ ದೀಪ ನೋಡಲು ಕೆರೆಯ ಪಕ್ಕದ ಉದ್ಯಾನಕ್ಕೆ ಹೋಗಿದ್ದರು. ರಾತ್ರಿಯಾದರೂ ಜೊತೆಗಿದ್ದ ಮೊಮ್ಮಕ್ಕಳು ಅಲ್ಲಿಂದ ಏಳಲೊಲ್ಲವು. ಎಷ್ಟೋ ಸಂಸಾರಗಳು ಅಲ್ಲೇ ಹಾಸಿಕೊಂಡಿದ್ದವು. ಇವರೂ ಧೋತರದ ಡೇರೆ ಮಾಡಿ, ಗಾಳಿಗೆ ಅಡ್ಡವಾಗಿ ಕೌದಿ ಕಟ್ಟಿ, ಆ ಗದ್ದಲದಲ್ಲೇ ಮಲಗಿದರು.

"ಕಳ್ಳಗ ಕಣ್ಣಿಲ್ಲೇನ್ರಿ ಸಾಹೇಬ್ರ? ತಾಮ್ರದ ಕೊಡ ಬಿಟ್ಟು ಕೌದಿ ಒಯ್ದಾನ!"

"ಥಂಡಿ ಹತ್ತಿರಬೇಕ್ರಿ ಬಾಯಾರ," ಎಂದ ಪೇದೆ ಬಂಡೆಪ್ಪ.

"ನಿನ್ನ ಹೆಂಡ್ತಿ ಕೌದಿ ಹೋಗಿದ್ರ ಹಿಂಗ ನಗ್ತಿದ್ದೇನೋ ತಮ್ಮಾ?"

ಫೌಜದಾರ ಕಲ್ಯಾಣಪ್ಪನವರು ಎಫ್.ಐ.ಆರ್. ಬರೆಸಿ ಉದ್ಯಾನಕ್ಕೆ ಹೊರಟರು. ಪಂಚನಾಮೆ ನಡೆದಾಗ ಬೇಲಿಯ ಹಿಂದೆ ಕೌದಿ ಸಿಕ್ಕಿತು. ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ನಡುವಿನ ಒಂದು ತುಂಡು ಮಾತ್ರ ಇರಲಿಲ್ಲ. ಕತ್ತರಿ ಹಾಕಿರಲಿಲ್ಲ, ದಾರವನ್ನು ಎಳೆ ಎಳೆಯಾಗಿ ಬಿಚ್ಚಿ ತೆಗೆದಿದ್ದರು.

"ಇಲ್ಲಿ ಯಾವ ಬಟ್ಟಿ ಇತ್ತು?"

"ಹಸಿರು ಸೀರಿ ತುಂಡ್ರಿ. ಹರದಲ್ಲಿ ಬಿಳಿ ದಾರದ್ಲೆ ಹೊಲದಿತ್ತು. ಬಟ್ಟಿ ಕಮ್ಮಿ ಬಿತ್ತಂತ ಹಿರಾಬಾಯಿ ಕಡಿಂದ ತಂದಿದ್ದೆ."

"ಯಾರಾದ್ರೂ ಅದನ್ನ ನೋಡಿದ್ರೇನು?"

"ಮಗ್ಗಲಿದ್ದವ ಒಬ್ಬ ಕೇಳಿದ, ಯಾರ ಕೌದಿ ಅಂತ. ಬಾಣಂತಿದಪ್ಪಾ ಅಂದೆ. ಎದ್ದು ಅತ್ತಾಗ ಹೋದ."

ಹಿರಾಬಾಯಿ ಹಳೆ ಬಟ್ಟೆ ತೆಗೆದುಕೊಂಡು ಭಾಂಡೆ-ಪಾತ್ರೆ ಕೊಡುವವಳು. ಬಂಡೆಪ್ಪ ಅವಳನ್ನು ಪೇಟೆಯಲ್ಲಿ ಕಂಡ.

"ಆ ಸೀರಿ ಕರಜಗಿ ಧೂಳಪ್ಪಂದು. ಇಲ್ಲೇ ಮಿಲ್ಲಿನ್ಯಾಗ ಅದಾನ. ಒಂದು ಚರಗಿ ಒಯ್ದ. ಆಮ್ಯಾಲೆ ಸೀರಿ ಹೊಳ್ಳಿ ಕೊಡು ಅಂತ ಬೆನ್ನು ಹತ್ತಿದ. ಮಾರಿದ್ದು ಎಲ್ಲಿಂದ ತರ್ಲೋ ಖೋಡಿ ಅಂತ ಬೈದೆ."

ಮಧ್ಯಾಹ್ನ ಪಾಳಿ ಬಿಟ್ಟಾಗ ಮಿಲ್ಲಿನ ಬಾಗಿಲಲ್ಲಿ ಧೂಳಪ್ಪನನ್ನು ಹಿಡಿದರು. ಅವನು ಓಡಲಿಲ್ಲ. ಅಂಗಿಯೊಳಗಿನಿಂದ ತುಂಡನ್ನು ತಾನೇ ತೆಗೆದುಕೊಟ್ಟ.

ಠಾಣೆಯಲ್ಲಿ ಫೌಜದಾರರು ಕೇಳಿದರು: "ಯಾಕ ಕದ್ದಿ?"

"ಆ ಬಿಳಿ ಹೊಲಿಗಿ ನನ್ನ ಹೆಂಡ್ತಿ ಜನಾಬಾಯಿದ್ರಿ. ಜಾಲಿ ಮುಳ್ಳಿಗೆ ಹರದಾಗ ಹಾಕಿದ್ಲು. ಆಕಿ ಹೋದಮ್ಯಾಲೆ, ಸತ್ತವರ ಬಟ್ಟಿ ಮನ್ಯಾಗ ಇಡಬಾರದು ಅಂದ್ರು ಹಿರ್ಯಾರು. ಕೊಟ್ಟುಬಿಟ್ಟೆ. ಆ ಚರಗಿ ನೀರು ಗಂಟಲದಾಗ ಇಳಿವಲ್ದ್ರಿ."

"ಆ ಬಾಯಿನ್ನ ಕೇಳಿದ್ರ ಕೊಡ್ತಿದ್ಲು."

"ಹೆಂಗ ಕೇಳ್ಲಿ ಸಾಹೇಬ್ರ? ಬಾಣಂತಿ ಕೌದ್ಯಾಗ ಸತ್ತಾಕಿ ಸೀರಿ ಐತಿ ಅಂತ ಹೆಂಗ ಹೇಳ್ಲಿ? ಎದಿ ಒಡಕೋತಿದ್ಲು. ಈಗೂ ಹೇಳಬ್ಯಾಡ್ರಿ."

ಕಳವಿನ ಕಲಮಿನಡಿ ದಸ್ತಗಿರಿಯಾಯಿತು. ಸಂಜೆ ಭಾಗಾಬಾಯಿ ಸಹಿ ಹಾಕಿ ಕೌದಿ ಒಯ್ಯಲು ಬಂದಳು.

"ಅವಗ ಆ ತುಂಡು ಯಾಕ ಬೇಕಿತ್ರಿ?"

ಫೌಜದಾರರು ಸಹಿಯ ಕಾಗದ ಮಡಚುತ್ತ ಹೇಳಿದರು: "ಅಂಥಾ ಬಟ್ಟಿ ಈಗ ಸಿಗೂದಿಲ್ಲಂತ."

"ಹುಚ್ಚ!" ಎಂದು ಅವಳು ಕೌದಿ ಹೊತ್ತು ಮಗಳ ಮನೆಗೆ ಹೊರಟಳು.

ಆ ಹಸಿರು ತುಂಡು ಕಳವಿನ ಸಾಕ್ಷ್ಯ, ಮುದ್ದೇಮಾಲು; ಮುದ್ರೆ ಹಾಕಿದ ಲಕೋಟೆಗೆ ಹೋಗಬೇಕಿತ್ತು. ಬಂಡೆಪ್ಪ ಮುದ್ರೆಯ ಅರಗು ತಂದ.

"ಒಮ್ಮಿ ಕೈಯಾಗ ಕೊಡ್ರಿ," ಎಂದ ಧೂಳಪ್ಪ.

"ಅರಗು ಕರಗೂತನಾ ಹಿಡ್ಕೊ," ಎಂದ ಬಂಡೆಪ್ಪ.

ಧೂಳಪ್ಪ ತುಂಡಿನ ಮೇಲೆ ಹೆಬ್ಬೆರಳಾಡಿಸಿದ. ಸುತ್ತಲಿನ ದಾರವನ್ನೆಲ್ಲ ಬಿಚ್ಚಿದವನು ಆ ಬಿಳಿ ಹೊಲಿಗೆಯ ಒಂದೆಳೆಯನ್ನೂ ಮುಟ್ಟಿರಲಿಲ್ಲ. ಬಂಡೆಪ್ಪ ಮೇಣಬತ್ತಿ ಹಚ್ಚಿ, ಅರಗಿನ ಕಡ್ಡಿಯನ್ನು ಉರಿಗೆ ತುಸು ದೂರವೇ ಹಿಡಿದ.