ಕೌದಿಯೊಳಗಿನ ಕಾವು

ಚೈತ್ರದ ಬಿಸಿಲು ಬೆಟಗೇರಿಯ ಓಣಿಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ಚುರುಗುಟ್ಟುತ್ತಿತ್ತು. ಅಂದಾನಪ್ಪನ ಮನೆಯ ಹಿಂಭಾಗದಲ್ಲಿ ಎರಡೂ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ನೂಲಿನ ಧೂಳು ತೇಲುತ್ತ ಬಂದು, ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಅವನ ಮಗಳು ಭಾಗ್ಯಾಳ ರೆಪ್ಪೆಗಳ ಮೇಲೂ ಕೂರುತ್ತಿತ್ತು.

ಭಾಗ್ಯಾ ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ನೇಯುವ ಮೊದಲೇ, ಆ ಸೀರೆ ಉಟ್ಟ ಹೆಣ್ಣೊಬ್ಬಳು ತಿರುಗುವಂತೆ ವಿಡಿಯೊ ಮಾಡಿ ವ್ಯಾಪಾರಿಗಳಿಗೆ ಕಳಿಸುತ್ತಿದ್ದಳು. ಅದಕ್ಕೆ ಪ್ರೊಸೆಸರ್ ತಾಸುಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ಇದು ಹತ್ತು ನಿಮಿಷಕ್ಕೇ ಕುಸಿಯುತ್ತಿತ್ತು!

ಮೊದಲು ಫ್ಯಾನಿನ ಊಳು. ಆಮೇಲೆ ಪರದೆಯ ಮೇಲಿನ ಹೆಣ್ಣು ಅರ್ಧ ತಿರುಗಿ... ಬೆನ್ನು ತೋರಿಸಿಕೊಂಡು ನಿಂತುಬಿಡುತ್ತಿದ್ದಳು.

ಬಾಗಿಲಲ್ಲಿ ಬೈಕಿನ ಸದ್ದಾಯಿತು.

"ಬಂದ ನೋಡವಾ, ನಿನ್ನ ಕಂಪ್ಯೂಟರ್ ಡಾಕ್ಟರ!" ಎನ್ನುತ್ತ ತಾಯಿ ಮಂಜವ್ವ ಓಡಿಬಂದು, ಕಂಪ್ಯೂಟರಿನ ಡಬ್ಬಿಯ ಮೇಲೆ ಹೊಚ್ಚಿದ್ದ ಕೌದಿಯನ್ನು ಸರ್ರನೆ ಎಳೆದಳು. ಸೀರೆಯ ತುಂಡುಗಳನ್ನು ಕೂಡಿಸಿ, ಡಬ್ಬಿಯೊಳಗೆ ಧೂಳು ಹೋಗದಿರಲೆಂದು ಅವಳೇ ಹೊಲಿದದ್ದು. "ಮಂದಿ ಮುಂದ ಇಂಥಾ ಮಾಸಿದ ಕೌದಿ ಇಡೂದ ಚೊಲೋ ಕಾಣಂಗಿಲ್ಲ," ಎಂದು ಮಡಚಿ ಕುರ್ಚಿಯ ಮೇಲಿಟ್ಟಳು. "ಬರ್ರಿ, ಕುಂಡ್ರಿ, ನೀರ ತರತೀನಿ."

ಬಂದವನು ಗವಿಸಿದ್ದೇಶ, ಡೋಣಿ ಎಂಬ ಊರಿನವನು. ಗದಗಿನಲ್ಲಿ ಚಿಕ್ಕದೊಂದು ರಿಪೇರಿ ಅಂಗಡಿ ಇಟ್ಟಿದ್ದ. ಇದೇ ಕಂಪ್ಯೂಟರನ್ನು ಎರಡು ಸಲ ಅಂಗಡಿಗೆ ಒಯ್ದು, ಫ್ಯಾನ್ ತೊಳೆದು, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಬದಲಿಸಿ, ಇಡೀ ದಿನ ಓಡಿಸಿ ನೋಡಿದ್ದ. ಅಲ್ಲಿ ಒಂದು ಸಲವೂ ನಿಂತಿರಲಿಲ್ಲ.

ಅವನು ಮಡಚಿದ ಕೌದಿಯ ಮೇಲೆ ಕೈಯೂರಿ ಬಗ್ಗಿ ಪರದೆ ನೋಡಿದ. ಹತ್ತು ನಿಮಿಷ... ಇಪ್ಪತ್ತು... ಹೆಣ್ಣು ಸರಾಗವಾಗಿ ತಿರುಗುತ್ತಿದ್ದಳು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೋರಿಸುವ ಅಂಕಿ ಎಪ್ಪತ್ತು ಡಿಗ್ರಿ ದಾಟಲಿಲ್ಲ.

"ಇದಕ್ಕ ನನ್ನ ಅಂಜಿಕಿ ಐತೇನ್ರೀ?"

"ಅಂಜೋ ಹಂಗ ಏನೈತ್ರಿ ನಿಮ್ಮ ಹತ್ರ?" ಭಾಗ್ಯಾ ನಕ್ಕಳು. ನಕ್ಕ ಮೇಲೆ ಯಾಕೋ ಕಿವಿ ಬಿಸಿಯಾಯಿತು. *ಇವರು ಹೋಗದಿದ್ದರೆ ಎಷ್ಟು ಚೆಂದ...*

ಅವನು ನಗಲಿಲ್ಲ. "ಹಗರ ತಿಳೀಬ್ಯಾಡ್ರಿ. ಬಿಸಿ ಏರಿದ್ರ ಪ್ರೊಸೆಸರ್ ತಾನ ಹೆಜ್ಜಿ ಸಣ್ಣ ಮಾಡಿ ನಿಂತಬಿಡತೈತಿ, ಸುಟ್ಟಕೋಬಾರದಂತ. ಎಲ್ಲೋ ಉಸಿರ ಕಟ್ಟಾಕತ್ತೈತಿ. ಎಲ್ಲಿ ಅಂತ ಖಬರ ಸಿಗವಲ್ದು."

ಅವನು ಹೋದ. ಮಂಜವ್ವ ಕೌದಿ ಹೊಚ್ಚಿದಳು. ಹತ್ತೇ ನಿಮಿಷ! ಹೆಣ್ಣು ಬೆನ್ನು ತೋರಿಸಿ ನಿಂತಳು.

ಅದೇ ಮಧ್ಯಾಹ್ನ ಸೋದರಮಾವನ ಮಗ ಅಂಬರೀಶ ಬಂದ. ಅವನದೂ ಕಂಪ್ಯೂಟರ್ ಅಂಗಡಿ. ಭಾಗ್ಯಾ ತನಗೇ ಎಂದು ಮನೆಯವರು ಹೇಳುವ ಮೊದಲೇ ಅವನು ನಂಬಿಕೊಂಡಿದ್ದ.

"ಅವನ ಅಂಗಡ್ಯಾಗ ಓಡತೈತಿ. ಅಂವ ಮುಂದ ಕುಂತರ ಓಡತೈತಿ. ಹೋದ ಕೂಡ್ಲೆ ನಿಲ್ಲತೈತಿ. ಇನ್ನೂ ತಿಳೀಲಿಲ್ಲೇನ ಹುಚ್ಚಿ? ನಿನ್ನ ಪ್ರೊಸೆಸರ್ ತಗದು ಹಳೇದು ಹಾಕ್ಯಾನ. ಮುಂದ ಕುಂತಾಗ ಏನೋ ಕೈಚಳಕ ಮಾಡತಾನ."

ಭಾಗ್ಯಾ ಬೆನ್ನು ತೋರಿಸಿ ನಿಂತ ಪರದೆಯ ಹೆಣ್ಣನ್ನು ನೋಡಿದಳು. *ಹಾಗಾದರೆ ಆ ಮಾತು, ಆ ಕಳಕಳಿ... ಎಲ್ಲ ಸುಳ್ಳೇ?*

ಮನಸ್ಸು ಕೊಟ್ಟವಳ ಸಿಟ್ಟು ಅದು. ಕಂಪ್ಯೂಟರ್ ಕೊಂಡಾಗಿನ ಬಿಲ್ ಸಹ ಹುಡುಕದೆ ಡಬ್ಬಿಯನ್ನು ಆಟೊದಲ್ಲಿ ಹೇರಿಕೊಂಡು ಗದಗಿಗೆ ಹೋದಳು. ಅಂಗಡಿಯಲ್ಲಿ ಕಾಲೇಜಿನ ಇಬ್ಬರು ಹುಡುಗಿಯರಿದ್ದರು. ಶಿವಯೋಗಿ ಮಾಸ್ತರು ತಮ್ಮ ಹಳೆಯ ಲ್ಯಾಪ್‌ಟಾಪ್ ಬಿಚ್ಚಿಸಿಕೊಂಡು ಕುಳಿತಿದ್ದರು.

"ನನ್ನ ಪ್ರೊಸೆಸರ್ ಎಲ್ಲೈತ್ರಿ?"

ಗವಿಸಿದ್ದೇಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇದರಾಗ ಐತ್ರಿ. ಬಿಲ್ ಮ್ಯಾಗ ಪ್ರೊಸೆಸರ್ ನಂಬರ್ ಇರತೈತಿ. ಬಿಚ್ಚಿ ತೋರಸ್ತೀನಿ, ಹೊಂದಿಸಿ ನೋಡ್ರಿ."

"ಬಿಚ್ಚಿದಾಗಲ್ಲೇನ್ರಿ ಕಳವಾಗಿದ್ದು? ಕಳ್ಳ!"

ಮಾತು ಹೊರಬಿದ್ದಿತ್ತು. ಮಾಸ್ತರು ಬಿಚ್ಚಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದರು. ಗವಿಸಿದ್ದೇಶ ಆ ಚೀಲ ಕಣ್ಮರೆಯಾಗುವವರೆಗೂ ನೋಡಿದ.

"ಒಯ್ರಿ ನಿಮ್ಮ ಸಾಮಾನ," ಎಂದನಷ್ಟೆ.

ಆ ಸಂಜೆ ಅವನಿಂದ ಒಂದು ಮೆಸೇಜು ಬಂತು. ಅವಳು ತೆರೆಯಲಿಲ್ಲ.

ಮರುದಿನ ಅಂಬರೀಶ ಸೆಟ್ಟಿಂಗಿನಲ್ಲಿ ಬಿಸಿಯ ಮಿತಿಯನ್ನೇ ಮೇಲಕ್ಕೇರಿಸಿದ. "ಇನ್ನ ನಿಲ್ಲೂ ಮಾತಿಲ್ಲ ತಗೋ!" ಮೂಲೆಯ ಅಂಕಿ ನೂರಾ ಎರಡು ತೋರಿಸಿತು. "ಇದನ್ನ ನೋಡಿದ್ರ ಸುಮ್ನ ಅಂಜಿಕಿ," ಎಂದು ಆ ಅಂಕಿಯನ್ನೂ ಅಳಿಸಿಬಿಟ್ಟ.

ಕಂಪ್ಯೂಟರ್ ನಿಲ್ಲಲಿಲ್ಲ. ಒಂದು ದಿನ, ಎರಡು ದಿನ... ಹೆಣ್ಣು ತಿರುಗುತ್ತಲೇ ಇದ್ದಳು. ಫ್ಯಾನಿನ ಊಳು ಮಗ್ಗದ ಬಡಿತದಲ್ಲಿ ಮುಳುಗಿಹೋಗುತ್ತಿತ್ತು. ಮೂರನೆಯ ದಿನ ಮನೆಯಲ್ಲಿ ಸಣ್ಣಗೆ ಕಮರು ವಾಸನೆ. ಅಂದಾನಪ್ಪ ಮಗ್ಗದ ಬೆಲ್ಟುಗಳನ್ನು ಮುಟ್ಟಿ ನೋಡಿದ. ಅವು ತಣ್ಣಗಿದ್ದವು.

"ಒಲಿ ಮ್ಯಾಗ ಏನರ ಇಟ್ಟೀಯೇನ?"

"ಇಲ್ಲ ಬಿಡ್ರಿ," ಎಂದಳು ಮಂಜವ್ವ.

ಭಾಗ್ಯಾಳಿಗೆ ಊಟ ಸೇರುತ್ತಿರಲಿಲ್ಲ. *ಕಂಪ್ಯೂಟರ್ ಓಡುತ್ತಿದೆಯಲ್ಲ, ಮತ್ತೇಕೆ ಈ ದಿಗಿಲು?*

ಐದನೆಯ ದಿನ ಮಧ್ಯಾಹ್ನ. ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಿದವಳ ಅಂಗೈ ಡಬ್ಬಿಯ ಮೇಲಿನ ಕೌದಿಗೆ ತಗಲಿತು.

ಜ್ವರ ಬಂದ ಕೂಸಿನ ಮೈಯಂತೆ ಸುಡುತ್ತಿತ್ತು!

ಎಳೆದಳು. ಡಬ್ಬಿಯ ಹಿಂಬದಿಯಿಂದ ಕಪ್ಪು ಹೊಗೆ. ಕೌದಿಯ ಅಂಚು ಕರಕಲಾಗಿ, ಒಂದು ಕೆಂಪು ಚುಕ್ಕೆ ನಿಧಾನವಾಗಿ ದಾರ ಹಿಡಿದು ಮೇಲೇರುತ್ತಿತ್ತು. ಕೆಳಗೆ ನೂಲಿನ ಧೂಳು... ಆ ಧೂಳು ಮಗ್ಗದವರೆಗೆ, ನೂಲಿನ ಉಂಡೆಗಳವರೆಗೆ, ಒಳಗೆ ನೇಯುತ್ತಿದ್ದ ಅಪ್ಪನ ಕಾಲಿನವರೆಗೆ!

"ಅಪ್ಪಾ... ಮಗ್ಗ ಬಂದ್ ಮಾಡೋ!"

ಪ್ಲಗ್ಗು ಕಿತ್ತಳು. ಉರಿಯುವ ಕೌದಿಯನ್ನು ಬರಿಗೈಯಲ್ಲೇ ಅಂಗಳಕ್ಕೆಸೆದು ಕೊಡ ನೀರು ಸುರಿದಳು. ಮಗ್ಗಗಳು ನಿಂತವು.

"ಧೂಳ ಹೋಗಬಾರದಂತ ಹೊಚ್ಚತಿದ್ನಲ್ಲವಾ..." ಮಂಜವ್ವ ತೊಯ್ದ ಕೌದಿಯ ಪಕ್ಕ ಕುಸಿದು ಕುಳಿತಳು.

ಭಾಗ್ಯಾ ಗವಿಸಿದ್ದೇಶನ ಆ ಮೆಸೇಜು ತೆರೆದಳು.

"ಆ ದಿನ ಕುರ್ಚಿ ಮ್ಯಾಗಿನ ಕೌದಿ ಬೆಚ್ಚಗಿತ್ತು. ಈಗ ಹೊಳೀತು. ಅದನ್ನ ಕಂಪ್ಯೂಟರಿಗೆ ಹೊಚ್ಚತಿದ್ರ ತಗದಬಿಡ್ರಿ. ಬೆಂಕಿ ಹತ್ತೀತು. ನನ್ನ ಹತ್ರ ಬರದಿದ್ರೂ ನಡೀತೈತಿ."

*ಕಳ್ಳ ಎನ್ನಿಸಿಕೊಂಡ ಸಂಜೆಯೇ... ನನ್ನ ಮನೆ ಉಳಿಸಲು ಬರೆದಿದ್ದನೇ!*

ಮರುದಿನ ಹನ್ನೊಂದಕ್ಕೆ ಗದಗಿನ ಅಂಗಡಿಯ ಶಟರು ಅರ್ಧಕ್ಕಿಳಿದಿತ್ತು. ಸುದ್ದಿ ಹಬ್ಬಿ, ರಿಪೇರಿಗಿಟ್ಟವರು ಒಬ್ಬೊಬ್ಬರೇ ಸಾಮಾನು ಒಯ್ದಿದ್ದರು. ಖಾಲಿ ಕಪಾಟಿನ ಎದುರು ಗವಿಸಿದ್ದೇಶ ಕುಳಿತಿದ್ದ. ಅವಳನ್ನು ಕಂಡು ಎದ್ದು ಕೈ ಚಾಚಿದ.

"ಬಿಲ್ ತಂದೀರೇನ್ರಿ? ಡಬ್ಬಿ ತರ್ರಿ, ನಂಬರ್ ತೋರಸ್ತೀನಿ."

"ನಂಬರ್ ನೋಡಾಕ ಬಂದಿಲ್ಲ." ಅವಳ ಕಣ್ಣು ತುಂಬಿತು. "ಆ ಹುಡಿಗ್ಯಾರ ಕಾಲೇಜಿಗೆ ಹೋಗಿ ಅವರ ಮುಂದ ಹೇಳಿ ಬಂದೀನಿ. ಕಳ್ಳ ಅಂದಿದ್ದು ಸುಳ್ಳು, ತಪ್ಪು ನಂದು ಅಂತ. ಮಾಸ್ತರ ಮನಿಗೂ ಹೋಗಿದ್ದೆ... ಕೀಲಿ ಹಾಕಿತ್ತು."

"ಮಗಳ ಊರಿಗೆ ಹೋಗ್ಯಾರ. ಯಾವಾಗ ಬರತಾರೋ."

"ಅವರಿಗೆ ಹೇಳೂತನಾ ನನ್ನ ಸಾಲ ತೀರೂದಿಲ್ಲ."

ಅವನ ಕಣ್ಣು ಅವಳು ಮುಚ್ಚಿಹಿಡಿದ ಅಂಗೈ ಮೇಲೆ ಬಿತ್ತು. "ಬೆಂಕಿ ಹತ್ತಿತ್ತೇನ್ರಿ?"

ಅವಳು ತಲೆಯಾಡಿಸಿ ಬೊಬ್ಬೆಯೆದ್ದ ಅಂಗೈ ತೋರಿಸಿದಳು. ಅವನ ಮುಖ ಬಿಳಿಚಿತು. ಮುಟ್ಟಲು ಬಂದ ಕೈ ಅರ್ಧದಲ್ಲೇ ನಿಂತಿತು.

"ನಾನ ಬರಬೇಕಿತ್ತು. ಕಳ್ಳ ಅಂದದ್ದಕ್ಕ ಸೆಟಗೊಂಡು ಕುಂತೆ. ನಿಮಗೇನರ ಆಗಿದ್ದರ..."

"ಆಗಿದ್ದರ?"

"ನಾ ಇರತಿದ್ದಿಲ್ಲ ಭಾಗ್ಯಾ!"

ಅವಳು ಬಾಗಿ ಶಟರನ್ನು ಪೂರ್ತಿ ಮೇಲಕ್ಕೆತ್ತಿದಳು. ಬೀದಿಯ ಜನ ತಿರುಗಿ ನೋಡಿದರು. ಅವಳು ಮಾಸ್ತರು ಅಂದು ಕುಳಿತಿದ್ದ ಸ್ಟೂಲು ಎಳೆದು ಎಲ್ಲರಿಗೂ ಕಾಣುವಂತೆ ಕುಳಿತಳು.

"ಮಾಸ್ತರ ಬರೂತನಾ ದಿನಾ ಬರತೀನಿ."

"ವರ್ಷ ಹಿಡದ್ರ?"

"ಹಿಡೀಲಿ."

"ಅವರು ಬಂದಮ್ಯಾಗ?"

ಭಾಗ್ಯಾ ಸುಟ್ಟ ಅಂಗೈಯನ್ನು ಅವನ ಕಡೆ ಚಾಚಿದಳು.

"ಆವಾಗ ಹೋಗು ಅಂತೀಯೇನ?"