ಬಡಗಿಯ ಬಲ ಭುಜ

"ನೋವಿರೋದು ಭುಜದಲ್ಲಿ. ನೀವ್ಯಾಕೆ ನನ್ನ ಪಾದ ಹಿಡ್ಕೊಂಡಿದ್ದೀರಿ?"

ಮೊದಲ ದಿನವೇ ಬಡಗಿ ಹೀಗೆ ಕೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ಆಸ್ಟಿಯೋಪತಿ ಚಿಕಿತ್ಸಕಿ. ಅವಳ ಬಳಿ ಮಾತ್ರೆಯಿಲ್ಲ, ಸೂಜಿಯಿಲ್ಲ. ಇರುವುದು ಎರಡು ಕೈ.

"ದೇಹ ಅನ್ನೋದು ಒಂದೇ ಕಣ್ರೀ. ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆ ನೋಯುತ್ತೆ. ನಾನು ಬಿಗಿ ಸಡಿಲಿಸ್ತೀನಿ ಅಷ್ಟೆ, ವಾಸಿ ಮಾಡ್ಕೊಳ್ಳೋದು ನಿಮ್ಮ ದೇಹಾನೇ."

"ನಮ್ಮ ಕೆಲಸಾನೂ ಹಾಗೇ! ಬಾಗಿಲು ಕೆಳಗೆ ಉಜ್ಜಿದ್ರೆ, ತಪ್ಪು ಮೇಲಿನ ಕೀಲಲ್ಲಿರುತ್ತೆ."

ಹಾಗೆಂದು ಅವನು ಕಣ್ಣು ಮುಚ್ಚಿದ. ದಿನವಿಡೀ ಮರ ಕೊಯ್ದು ಬಿಗಿದಿದ್ದ ಆ ಭುಜದ ಮೇಲೆ ಅವಳ ಬೆರಳುಗಳು ಒಂದು ಕ್ಷಣ ಕೆಲಸ ಮರೆತವು.

ಅವನು ಮತ್ತೆ ಬಂದ. ಮತ್ತೂ ಬಂದ. ನಾಲ್ಕನೇ ಸಲ ಬಂದಾಗ, ಹೊರಗೆ ಹೆಸರು ಬರೆದುಕೊಳ್ಳುವ ಅಕ್ಕ ಸುಮ್ಮನಿರಲಾರದೆ ಕೂಗಿದಳು.

"ಬಂತು ನೋಡೇ ನಿನ್ನ ಭುಜ!"

ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಮುಖ ಕೆಂಪಾಯಿತು. ಒಳಗೆ ಕರೆದು ಮುಟ್ಟಿ ನೋಡಿದರೆ ಭುಜ ಸಲೀಸಾಗಿ ತಿರುಗುತ್ತಿದೆ. ಬಿಗಿಯಿಲ್ಲ, ಊತವಿಲ್ಲ, ಏನೂ ಇಲ್ಲ! ನಡುಗುತ್ತಿದ್ದುದು ಅವಳ ಕೈ ಮಾತ್ರ...

"ನಿಮಗೆ ನೋವೇ ಇಲ್ಲ. ಯಾಕೆ ನಾಟಕ ಆಡ್ತೀರಿ?"

"ಇಲ್ಲಾರೀ, ಊಟ ಆದ್ಮೇಲೆ..."

"ಸಾಕು! ಇದು ಹರಟೆ ಕಟ್ಟೆಯಲ್ಲ. ಎದ್ದು ಹೋಗಿ."

ಅವನು ಎದ್ದ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಎಂಟು ದಿನದ ಮೇಲೆ ಅವನ ತಂಗಿ ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು.

"ಅಣ್ಣ ಆಸ್ಪತ್ರೆಯಲ್ಲಿದ್ದಾನೆ. ಪಿತ್ತಕೋಶದಲ್ಲಿ ಕಲ್ಲು, ಕೀವಾಗಿತ್ತಂತೆ. ನಿನ್ನೆ ಆಪರೇಷನ್ ಆಯ್ತು. ಡಾಕ್ಟರ ಹತ್ರ ಹೋಗೋಣ ಬಾ ಅಂದ್ರೆ, ನೋವೇ ಇಲ್ಲ ಅಂತ ನೀವೇ ಹೇಳಿದ್ದೀರಿ ಅಂತ ಹಲ್ಲು ಕಚ್ಕೊಂಡಿದ್ದ!"

ಅವಳಿಗೆ ತಾನು ಅರ್ಧಕ್ಕೇ ತಡೆದ ಅವನ ಮಾತು ನೆನಪಾಯಿತು: ಊಟ ಆದ್ಮೇಲೆ...

ಪಿತ್ತಕೋಶ ಕೆಟ್ಟರೆ ಬಲ ಭುಜ ನೋಯಬಹುದು. ಊಟದ ನಂತರ ಹೆಚ್ಚಬಹುದು. ಅದನ್ನು ಅವಳು ಓದಿದ್ದಳು, ಕಲಿಯಲು ಬಂದವರಿಗೆ ಹೇಳಿಯೂ ಕೊಟ್ಟಿದ್ದಳು! ಕೈಗೆ ಏನೂ ಸಿಗದಾಗ ತಕ್ಷಣ ಡಾಕ್ಟರ ಬಳಿ ಕಳಿಸಬೇಕಿತ್ತು. ದೇಹವೆಲ್ಲ ಒಂದೇ ಎಂದು ಪಾಠ ಹೇಳಿದವಳು, ಅವತ್ತು ಭುಜ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಸ್ಪತ್ರೆಯ ಮೆಟ್ಟಿಲಿನಿಂದ ಎರಡು ಸಲ ಹಿಂದೆ ತಿರುಗಿದಳು. ಯಾವ ಮುಖ ಇಟ್ಟುಕೊಂಡು ಹೋಗಲಿ? ಮೂರನೇ ಸಲ ಹೇಗೋ ಒಳಗೆ ಹೋದಳು.

ಅವನು ದಿಂಬಿಗೊರಗಿದ್ದ. ಮುಖ ಬಿಳುಚಿತ್ತು. ಅವಳನ್ನು ಕಂಡು ಏಳಲು ನೋಡಿದ.

"ಅಲ್ಲಾಡ್ಬೇಡಿ! ತಪ್ಪೆಲ್ಲ ನಂದು... ನಿಮಗೇನಾದ್ರೂ ಆಗಿದ್ದಿದ್ರೆ..."

"ಬಿಡಿ. ನೋವು ನಿಜವೇ. ಆದ್ರೆ ಬೇರೆಲ್ಲೂ ತೋರಿಸ್ದೆ ನಿಮ್ಮ ಹತ್ರಾನೇ ಬರ್ತಿದ್ದೆನಲ್ಲ, ಅದು ನೋವಿಗಲ್ಲ. ಅರ್ಧ ತಪ್ಪು ನಂದೂ."

"ಇದರಲ್ಲಿ ಪಾಲು ಕೇಳ್ಬೇಡಿ." ಅವಳು ಕಣ್ಣೊರೆಸಿಕೊಂಡಳು. "ನಿಮ್ಮನ್ನ ಮುಟ್ಟಿದ್ರೆ ನನ್ನ ಕೈ ನಡುಗ್ತಿತ್ತು. ಅದು ಯಾರಿಗೂ ಗೊತ್ತಾಗ್ಬಾರ್ದು ಅಂತ ನಿಮ್ಮನ್ನ ಸುಳ್ಳುಗಾರ ಮಾಡ್ದೆ. ಇನ್ಮೇಲೆ ನಿಮಗೆ ನಾನು ಚಿಕಿತ್ಸೆ ಕೊಡಲ್ಲ."

ಅವನ ಮುಖ ಬಾಡಿತು. "ಹಾಗಾದ್ರೆ ಯಾವ ನೆಪ ಹೇಳ್ಕೊಂಡು ಬರ್ಲಿ?"

"ನೆಪ ಯಾಕೆ? ಹಾಗೇ ಬನ್ನಿ. ಮನಸ್ಸಿಗೆ ಹತ್ರ ಆದವರಿಗೆ ಚಿಕಿತ್ಸೆ ಮಾಡೋಕೆ ನನ್ನ ಕೈಲಾಗಲ್ಲ."

ಅವಳು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು.

"ಅವತ್ತು ನಿಮ್ಮ ಮಾತು ಅರ್ಧಕ್ಕೇ ನಿಲ್ಲಿಸ್ಬಿಟ್ಟೆ. ಈಗ ಪೂರ್ತಿ ಹೇಳಿ. ಕೇಳ್ತೀನಿ."

"ಊಟ ಆದ್ಮೇಲೆ ಜಾಸ್ತಿ ಆಗುತ್ತೆ ಕಣ್ರೀ..." ಅವನು ಮೆಲ್ಲಗೆ ನಕ್ಕ. "ಅದರಲ್ಲೂ ಮಳಿಗೆಯಲ್ಲಿ ಒಬ್ಬನೇ ಕೂತು ಉಂಡ ದಿನ."

"ಇನ್ಮೇಲೆ ಒಬ್ಬರೇ ಉಣ್ಬೇಡಿ," ಎಂದು ಅವಳು ಅವನ ಕೈ ಹಿಡಿದಳು.

ಕೈ ನಡುಗುತ್ತಿತ್ತು. ಈ ಸಲ ಅವಳು ಅದನ್ನು ಮುಚ್ಚಿಡಲಿಲ್ಲ.