ಮೇಡಂ ಬಂದೇ ಬರ್ತಾರ

"ಈ ಇಬ್ಬರನ್ನ ಬ್ಯಾರೆ ಮಾಡಬ್ಯಾಡ್ರಿ ಮೇಡಂ. ಕಲ್ಲು ಕೈ ಜಾರ್ತದ."

ಶಹಾಬಾದಿನ ಆ ಕಲ್ಲು ಪಾಲಿಶ್ ಕಾರ್ಖಾನೆಗೆ ಚಿಂಚೋಳಿಯ ಜಯಮಾಲಾ ಮ್ಯಾನೇಜರಾಗಿ ಬಂದು ಮೂರೇ ದಿನವಾಗಿತ್ತು. ಇಪ್ಪತ್ತು ಮಂದಿಯ ಮುಂದೆ ಹೀಗೆ ಅಡ್ಡ ಬಂದವನು ಮೇಸ್ತ್ರಿ ಶಂಕರಲಿಂಗ. ಮ್ಯಾನೇಜರ್ ಕುರ್ಚಿ ಅವನಿಗೇ ಸಿಗಬೇಕಿತ್ತೆಂದು ಅವಳು ಕೇಳಿದ್ದಳು. ಇನ್ನು ಹೇಳಬೇಕೇ? ಮೈಯೆಲ್ಲ ಉರಿದುಹೋಯಿತು.

"ಇಲ್ಲಿ ಯಾರು ಹೇಳ್ದಂಗ ನಡೀಬೇಕ್ರಿ? ನಾನಾ, ನೀವಾ?"

ಅವನು ಪಕ್ಕಕ್ಕೆ ಸರಿದ.

ಅಲ್ಲಿ ಚಪ್ಪಡಿ ಎತ್ತುವವರು ಜೋಡಿ ಬದಲಿಸುವುದಿಲ್ಲ. ಕಲೀಮ್ ಮತ್ತು ತಮ್ಮಣ್ಣ ಹನ್ನೊಂದು ವರ್ಷದಿಂದ ಒಂದೇ ಕಲ್ಲಿನ ಎರಡು ತುದಿ ಹಿಡಿದವರು. ಒಬ್ಬ ಉಸಿರು ಬಿಟ್ಟರೆ ಇನ್ನೊಬ್ಬ ಹೆಜ್ಜೆ ಎತ್ತುತ್ತಿದ್ದ. ಜಯಮಾಲಾಗೆ ಇದೆಲ್ಲ ಎಲ್ಲಿ ಗೊತ್ತು? ಜೊತೆಗಿದ್ದರೆ ಹರಟೆಯೇ ಜಾಸ್ತಿ ಎಂದು ಬೇರೆ ಮಾಡಿಬಿಟ್ಟಳು. ಮರುದಿನವೇ, ಹೊಸ ಜೊತೆಗಾರ ರಾಜರತ್ನನೊಂದಿಗೆ ಹೆಜ್ಜೆ ಹೊಂದದೆ, ಚಪ್ಪಡಿ ಕಲೀಮನ ಪಾದದ ಮೇಲೆ ಬಿತ್ತು.

ಆಮೇಲೆ ಯಾರೂ ಜಗಳವಾಡಲಿಲ್ಲ. ಹೇಳಿದ್ದಕ್ಕೆಲ್ಲ "ಹೂಂ ರೀ" ಎನ್ನುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ಅದನ್ನೇ ಕೇಳಿ ಕೇಳಿ ಜಯಮಾಲಾ ಹೈರಾಣಾದಳು. ಬೆಳಿಗ್ಗೆ ಗೇಟು ದಾಟುವುದೇ ಬೇಡವೆನಿಸುತ್ತಿತ್ತು.

'ಎಲ್ಲ ಆ ಮೇಸ್ತ್ರಿಯದೇ ಕಿತಾಪತಿ... ಅವನೇ ಎಲ್ಲರ ಕಿವಿ ಊದಿದ್ದಾನೆ!'

ಕೆಲಸ ಬಿಡುವುದೆಂದು ತೀರ್ಮಾನಿಸಿದಳು. ಆದರೆ ಕಲೀಮನನ್ನು ನೋಡದೆ ಹೋಗಲು ಮನಸ್ಸೊಪ್ಪಲಿಲ್ಲ. ಸಂಜೆ ಭಂಕೂರಿನಲ್ಲಿದ್ದ ಅವನ ಮನೆಗೆ ಹೋದಳು.

"ಬರ್ರಿ, ಕುಂದ್ರಿ," ಎಂದಳು ಕಲೀಮನ ತಾಯಿ ಅಮೀರ್ಬೀ. "ಮೇಡಂ ಬಂದೇ ಬರ್ತಾರ ಅಂತ ಶಂಕರಲಿಂಗ ಎಂಟು ದಿನದಿಂದ ಹೇಳಾಕತ್ತಾನ. ಕೆಲಸ ಬಂದ್ ಮಾಡ್ತೀವಿ ಅಂದವ್ರನ್ನ ಅವನೇ ತಡದಾನ. ಹೊಸಬರು, ಸ್ವಲ್ಪ ತಾಳ್ರಿ ಅಂದ."

ಜಯಮಾಲಾ ಮಂಚದ ಮೇಲಿದ್ದ ಕಲೀಮನ ಕಟ್ಟು ಹಾಕಿದ ಪಾದ ನೋಡಿದಳು. ಅಯ್ಯೋ... ನಾನು ಇಷ್ಟು ದಿನ ಬೈದುಕೊಂಡಿದ್ದು ಯಾರನ್ನು?

"ತಪ್ಪು ನಂದೇ, ಕಲೀಮ್ ಭಾಯ್. ನಾಳೆ ಎಲ್ಲರ ಮುಂದ ಹೇಳ್ತೀನಿ. ನಿಮ್ಮ ಜಾಗಾದಾಗ ಯಾರನ್ನ ನಿಲ್ಲಿಸ್ಲಿ?"

ಕಲೀಮ್ ಅವತ್ತು ಮೊದಲ ಸಲ ಅವಳ ಮುಖ ನೋಡಿದ. "ತಮ್ಮಣ್ಣಗ ಕೇಳ್ರಿ ಮೇಡಂ. ಆ ಕಡಿ ತುದಿ ಹಿಡಿಯೋನು ಅವನೇ ಅಲ್ಲೇನ್ರಿ?"

ಮರುದಿನ ಎಲ್ಲರೆದುರು ತಪ್ಪೊಪ್ಪಿಕೊಂಡಳು. ಜೋಡಿ ನೀವೇ ಆರಿಸಿಕೊಳ್ಳಿ ಎಂದಳು. ಮಧ್ಯಾಹ್ನ ತಮ್ಮಣ್ಣ ಬಂದು, "ಬುತ್ತಿ ಬಿಚ್ಚೀವ್ರಿ ಮೇಡಂ, ನೀವೂ ಬರ್ರಿ," ಎಂದ. ಎಷ್ಟೋ ದಿನದ ಮೇಲೆ ಜಯಮಾಲಾಗೆ ರೊಟ್ಟಿ ರುಚಿಸಿತು.

ಎರಡು ತಿಂಗಳಾದ ಮೇಲೆ ಕಲೀಮ್ ಕೆಲಸಕ್ಕೆ ಮರಳಿದ. ಅದೇ ವಾರ ಶಂಕರಲಿಂಗ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟ. ಮಾಲೀಕರ ಚಿತ್ತಾಪುರದ ಕಾರ್ಖಾನೆಗೆ ವರ್ಗ ಬೇಕಂತೆ. ಅವಳು ಅರ್ಜಿಯನ್ನು ಎರಡು ಸಲ ಓದಿದಳು.

"ಇನ್ನೂ ನನ್ನ ಮ್ಯಾಲ ಸಿಟ್ಟದ ಏನ್ರಿ?"

"ಸಿಟ್ಟಲ್ರಿ..." ಅವನು ನೆಲ ನೋಡಿದ. "ನಿಮಗೊಂದು ಮಾತು ಹೇಳೋದದ. ನಿಮ್ಮ ಕೈಕೆಳಗಿದ್ದು ಹೇಳಿದ್ರ, ಭಾಳ ಕಷ್ಟಪಟ್ಟು ಗಳಿಸಿದ ನಿಮ್ಮ ಮರ್ಯಾದಿ ಮಂದಿ ಬಾಯಿಗೆ ಬೀಳ್ತದ. ಮೊದಲು ಸಹಿ ಹಾಕ್ರಿ."

ದಣಿದ ಕಣ್ಣು ತುಂಬಿ ಬಂತು. ತನ್ನ ಮರ್ಯಾದೆಯನ್ನು ತನಗಿಂತ ಜತನವಾಗಿ ಕಾಯ್ದವನು ಇವನು... ಸಹಿ ಹಾಕಿದಳು.

"ಈಗ ನಾ ನಿಮ್ಮ ಮೇಡಂ ಅಲ್ಲ. ಹೇಳ್ರಿ."

ಇಪ್ಪತ್ತು ಮಂದಿಯ ಪರವಾಗಿ ಮಾತಾಡುವವನು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ.

"ಜಯಮಾಲಾ..." ಎಂದ, ಅಷ್ಟೇ.

"ದಿನಾ ಸಂಜಿಗೆ ಚಿತ್ತಾಪುರದಿಂದ ಬರ್ತೀರಲ್ಲ?"

"ಬರ್ತೀನಿ."

"ಹಂಗಾದ್ರ ಉಳಿದಿದ್ದು ನಾಳೆ ಹೇಳ್ರಿ. ನಾ ಕಾಯ್ತೀನಿ."